ಒಡೆಯದ ಪುತ್ತೂರು

ಮದುವೆ ಕಾಗದಕ್ಕೆ ವಿಳಾಸ ಬರೆಯುವ ಕೆಲಸ ನಮ್ಮಲ್ಲಿ ಅಕ್ಷರ ದುಂಡಗಿರುವವರ ತಲೆಗೇ ಬರುವುದು. ಪುತ್ತೂರಿಗೆ 574201, ಕಡಬಕ್ಕೆ 574221, ಸುಳ್ಯಕ್ಕೆ 574239 ಎಂದು ರಾಶಿ ಲಕೋಟೆಗಳ ಮೇಲೆ ಬರೆಯುತ್ತ ಕೂತವನಿಗೆ, ಬೇಸರ ಕಳೆಯಲಿಕ್ಕಾದರೂ, ಈ ಅಂಕಿಗಳ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ಚಪಲ ಹುಟ್ಟುತ್ತದೆ.

ಅಂಚೆಯವರು ಇವನ್ನು ಕೊಟ್ಟದ್ದು ಗಣಿತದ ಮೇಲಿನ ಪ್ರೀತಿಯಿಂದೇನಲ್ಲ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರ ರೂವಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ. ಮಾತ್ರೆ ಎಣಿಸಿ ರೂಢಿಯಿದ್ದವರು ದೇಶವನ್ನೂ ಆರಂಕಿಯ ಪಾದದಲ್ಲಿ ಕೂರಿಸಿದರು. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ. ಪುತ್ತೂರಿಗೆ 201ರ ಬದಲು 202 ಬಿದ್ದಿದ್ದರೆ ಸಮಸಂಖ್ಯೆ, ಕತೆ ಅಲ್ಲಿಗೇ ಮುಗಿಯುತ್ತಿತ್ತು.

574201 ಬಲು ಗಟ್ಟಿ ಆಸಾಮಿ. ಅಂಕಿಗಳ ಮೊತ್ತ 19, ಹಾಗಾಗಿ 3ಕ್ಕೆ ಬಗ್ಗುವುದಿಲ್ಲ. 7ಕ್ಕೆ 5 ಉಳಿಯುತ್ತದೆ, 13ಕ್ಕೆ 4. 29 ಸ್ವಲ್ಪ ಆಸೆ ಹುಟ್ಟಿಸುತ್ತದೆ: 574200ರ ತನಕ ಸಲೀಸಾಗಿ ಹೋಗಿ, ಕೊನೆಗೆ ಒಂದೇ ಒಂದು ಉಳಿಸಿ ಕೈಕೊಡುತ್ತದೆ. 758ರ ವರ್ಗ ಈ ಸಂಖ್ಯೆಯನ್ನು ದಾಟುವುದರಿಂದ 757ರ ತನಕದ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು 134, ಒಂದಕ್ಕೂ ಜಗ್ಗುವುದಿಲ್ಲ. ಪುತ್ತೂರು ಅವಿಭಾಜ್ಯ! ತಾಲೂಕು ಒಡೆದು ಕಡಬ ಬೇರೆಯಾಯಿತು. ಪಿನ್‌ಕೋಡ್ ಮಾತ್ರ ಪಾಲಿಗೆ ಒಪ್ಪದ ಅಜ್ಜನ ಅಡಿಕೆ ತೋಟದ ಹಾಗೆ ಇಡಿಯಾಗಿಯೇ ಇದೆ.

ಇಷ್ಟು ಬಿಗಿಯಾದರೂ ಅದಕ್ಕೊಂದು ಮೃದು ಮುಖವಿದೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಬಗೆಯಲ್ಲಿ ಎಂದು ಫರ್ಮಾ ಹೇಳಿದ. ಆಯ್ಲರ್ ಸಾಧಿಸಿ ತೋರಿಸಿದ. ನಮ್ಮದು 685ರ ವರ್ಗ ಮತ್ತು 324ರ ವರ್ಗ: 469225ಕ್ಕೆ 104976 ಕೂಡಿಸಿ ನೋಡಿ. ಆ 324 ಮತ್ತೆ 18ರ ವರ್ಗ. ಇಂಥ ಜೋಡಿ ಸಿಕ್ಕ ರಾತ್ರಿ ನಿದ್ದೆ ಬರುವುದು ತಡವಾಗುತ್ತದೆ.

ಸುಳ್ಯದ ಭಾವನಿಗೆ ಇದನ್ನು ಹೇಳಿದೆ. "ನಮ್ಮದು ಎಂತ ಕತೆ ಭಾವ?" ಎಂದರು. 574239 ಎಂದರೆ 3 ಗುಣಿಸು 191413; ಮೂರು ಕಳಚಿದ ಮೇಲೆ ಉಳಿದದ್ದು ಒಡೆಯುವುದಿಲ್ಲ. "ಒಂದೇ ಪೆಟ್ಟಲ್ವಾ, ಅಡ್ಡಿಯಿಲ್ಲ" ಎಂದು ಸಮಾಧಾನ ಮಾಡಿಕೊಂಡರು.

ಕಡಬ ಮೂರು ತುಂಡು: 3, 277, 691. ಕನಿಕರ ಬೇಡ, 691 ಭಾರೀ ಕುಳ. ರಾಮಾನುಜನ್ 1916ರಲ್ಲಿ ಟೌ ಎಂಬ ಫಲನವನ್ನು ಮುಂದಿಟ್ಟರು. ಯಾವುದೇ ಅವಿಭಾಜ್ಯದ 11ನೆಯ ಘಾತಕ್ಕೆ 1 ಕೂಡಿಸಿ, ಅದರ ಟೌ ಬೆಲೆಯನ್ನು ಕಳೆದರೆ ಸಿಗುವುದು ಯಾವಾಗಲೂ 691ಕ್ಕೆ ಭಾಗವಾಗುತ್ತದೆ. 2ನ್ನೇ ತೆಗೆದುಕೊಳ್ಳಿ: 2048ಕ್ಕೆ 1 ಸೇರಿ 2049. 2ರ ಟೌ ಬೆಲೆ ಋಣ 24. ಅದನ್ನು ಕಳೆದರೆ 2073. ಅಂದರೆ 3 ಗುಣಿಸು 691, ಕಡಬದ ಎರಡು ತುಂಡು ಅಲ್ಲೇ ಕೂತಿವೆ! ಉಳಿದ 277ಕ್ಕೆ ಒಂದು ಹೆಚ್ಚುಗಾರಿಕೆ ಹುಡುಕುವ ಕೆಲಸವನ್ನು ಕಡಬದವರಿಗೇ ಬಿಟ್ಟಿದ್ದೇನೆ.