ಹಣ್ಣಾದ ಹುಳುಗಳ ಸನ್ನಿಧಾನಕ್ಕೆ

ಕೆಂಚಾರ್ಲಹಳ್ಳಿ ಸೀಮೆಯ ಹುಳುಮನೆಗಳಲ್ಲಿ ನಾಲ್ಕು ಜ್ವರಗಳನ್ನು ದಾಟಿ, ಅಂದರೆ ನಾಲ್ಕು ಸಲ ಪೊರೆ ಕಳಚಿ, ಚಂದ್ರಿಕೆಯೆಂಬ ತಟ್ಟೆಯ ಮೇಲೆ ಗೂಡು ಕಟ್ಟಲು ಸಿದ್ಧವಾಗಿರುವ ರೇಷ್ಮೆಹುಳು ಸಮುದಾಯಕ್ಕೆ ಮನುಷ್ಯಕುಲದ ಪರವಾಗಿ ಸವಿನಯ ವಿಜ್ಞಾಪನೆ.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಮನುಷ್ಯನೊಬ್ಬನನ್ನು ಬಿಟ್ಟು ಉಳಿದ ಯಾವುದೇ ಜೀವಿಯನ್ನು ಪ್ರಾಣಿ ಎಂದು ಕರೆದಿರುವುದರಿಂದ ಸನ್ನಿಧಾನವೂ ಅದರ ಕರುಣೆಗೆ ಪಾತ್ರವಾಗಿದೆ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಐದು ಸ್ವಾತಂತ್ರ್ಯಗಳ ಪೈಕಿ ನಾಲ್ಕು, ಎಂದರೆ ಹಸಿವು, ಅನನುಕೂಲ, ಕಾಯಿಲೆ ಮತ್ತು ಭಯಗಳಿಂದ ಬಿಡುಗಡೆ, ಈ ಸೀಮೆಯಲ್ಲಿ ಸನ್ನಿಧಾನಕ್ಕೆ ಸಿಕ್ಕಷ್ಟು ಧಾರಾಳವಾಗಿ ಮನೆಯ ಮಕ್ಕಳಿಗೂ ಸಿಗುವುದಿಲ್ಲ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು, ಊಜಿ ನೊಣ ನುಸುಳದಂತೆ ಕಿಟಕಿಗೆ ಜಾಲರಿ, ನೆಲಕ್ಕೆ ಬ್ಲೀಚಿಂಗ್ ಪುಡಿ ಎಲ್ಲವೂ ಉಂಟು. ಪಕ್ಕದ ಟೊಮೆಟೊ ತೋಟದವನು ಔಷಧಿ ಹೊಡೆದರೆ ಸೊಪ್ಪಿನ ಮೂಲಕ ಹುಳುವಿಗೆ ವಿಷ ತಗಲೀತೆಂದು ರೈತ ಜಗಳಕ್ಕೂ ನಿಲ್ಲುತ್ತಾನೆ. ಪರಿಸರ ಕಾಯಿದೆಗಳು ಸಾಧಿಸದ ಎಚ್ಚರವನ್ನು ಗೂಡಿನ ಬೆಲೆ ಸಾಧಿಸಿದೆ.

ಐದನೆಯದು ಸಹಜ ನಡವಳಿಕೆಯ ಸ್ವಾತಂತ್ರ್ಯ. ಪತಂಗವಾಗಿ ಹೊರಬರುವುದೇ ಇಲ್ಲಿ ಸಹಜ ನಡವಳಿಕೆ. ಆದರೆ ಪತಂಗ ಹೊರಬಂದರೆ ಅಖಂಡವಾದ ಎಳೆ ತುಂಡಾಗುವುದರಿಂದ, ಗೂಡನ್ನು ಒಳಗಿನ ಜೀವದೊಡನೆಯೇ ಬಿಸಿಗಾಳಿಗೊಡ್ಡಿ, ಬಳಿಕ ಕುದಿನೀರಿನಲ್ಲಿ ಬೇಯಿಸಲಾಗುತ್ತದೆ. ಹೊರಬಂದರೂ ಆ ಪತಂಗ ಹಾರಲಾರದು, ಉಣ್ಣಲಾರದು, ಆದ್ದರಿಂದ ನಷ್ಟವೇನು ಎಂದು ಕೇಳುವವರುಂಟು. ಸಾವಿರಾರು ವರ್ಷ ಸಾಕಿ ಅದನ್ನು ಹಾಗೆ ಮಾಡಿದವರೇ ಈ ವಾದ ಹೂಡುವುದು ನ್ಯಾಯಶಾಸ್ತ್ರದಲ್ಲಿ ಹೊಸ ಅಧ್ಯಾಯವೆನ್ನಬೇಕು. ಬಿತ್ತನೆಗೂಡಿನಿಂದ ಹೊರಬರಲು ಬಿಟ್ಟ ತಾಯಿಪತಂಗವನ್ನೂ, ಮೊಟ್ಟೆಯಿಟ್ಟ ಮೇಲೆ ಪೆಬ್ರಿನ್ ಎಂಬ, ತಾಯಿಯಿಂದ ಮೊಟ್ಟೆಯ ಮೂಲಕ ಹಬ್ಬುವ ರೋಗದ ಪರೀಕ್ಷೆಗೆಂದು ಅರೆದು ಸೂಕ್ಷ್ಮದರ್ಶಕದಡಿ ಇಡಲಾಗುತ್ತದೆ.

ಆಹಾರಕ್ಕಾಗಿ ಕೊಲ್ಲುವುದಕ್ಕೆ 1960ರ ಕಾಯಿದೆ ವಿನಾಯಿತಿ ಕೊಟ್ಟಿದೆ, ಧಾರ್ಮಿಕ ವಿಧಿಯಂತೆ ಕೊಲ್ಲುವುದಕ್ಕೂ ಕೊಟ್ಟಿದೆ. ಸೀರೆಯ ವಿಷಯದಲ್ಲಿ ಮಾತ್ರ ಮೌನ ತಾಳಿದೆ. ಅದಕ್ಕೂ ಮುಂಚಿನ 1959ರ ರಾಜ್ಯ ಕಾಯಿದೆ ಸನ್ನಿಧಾನದ ಬಿತ್ತನೆ, ಗೂಡು, ಮಾರಾಟಗಳನ್ನು ನಿಯಂತ್ರಿಸುತ್ತದೆ: ಒಂದಕ್ಕೆ ಜೀವಿ, ಇನ್ನೊಂದಕ್ಕೆ ಸರಕು. ಚರ್ಮದ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡಿಸುವ ಮಡಿ, ಬೇಯಿಸಿ ತೆಗೆದ ಈ ನೂಲನ್ನೇ ಉಟ್ಟು ದೇವರಕೋಣೆ ಹೊಗುತ್ತದೆ.

ಕಾರ್ಯರೂಪದ ಪ್ರಶ್ನೆಗಳಿಗೆ ನೀತಿತತ್ತ್ವವನ್ನು ಅನ್ವಯಿಸುವ ಅನ್ವಯಿಕ ನೀತಿಶಾಸ್ತ್ರವು ಇಲ್ಲಿ ಕೇಳುವುದು ಹೊಣೆ ಯಾರದೆಂದು. ರೈತ ಜೀವಂತ ಗೂಡನ್ನು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಒಪ್ಪಿಸುತ್ತಾನೆ, ಕೊಲ್ಲುವುದಿಲ್ಲ. ನೂಲು ತೆಗೆಯುವ ರೀಲರು ಕೊಲ್ಲುತ್ತಾನೆ, ಉಡುವುದಿಲ್ಲ. ಮದುಮಗಳು ಉಡುತ್ತಾಳೆ, ಕಂಡಿರುವುದಿಲ್ಲ. ಸನ್ನಿಧಾನವು ದೂರು ಕೊಡಬಯಸಿದರೆ ಪೊಲೀಸ್ ಠಾಣೆ ಕೆಂಚಾರ್ಲಹಳ್ಳಿಯಲ್ಲೇ ಇದೆ. ಮೊದಲ ಅಪರಾಧಕ್ಕೆ 1960ರ ಕಾಯಿದೆಯ 11ನೆಯ ಕಲಮು ವಿಧಿಸುವ ದಂಡ ಕನಿಷ್ಠ 10, ಗರಿಷ್ಠ 50 ರೂಪಾಯಿ; ಅದನ್ನು ಈ ಮೂವರಲ್ಲಿ ಹೇಗೆ ಹಂಚಬೇಕೆಂಬುದನ್ನು ಗೂಡು ಕಟ್ಟಿ ಮುಗಿಸುವುದರೊಳಗೆ ತಿಳಿಸಬೇಕಾಗಿ ಕೋರಿಕೆ.