ಬೇಸಿಗೆ ರಜೆಯ ಬಣ್ಣಗಾರ್ತಿ

ಏಪ್ರಿಲಿನಲ್ಲಿ ಶಾಲೆಗಳಿಗೆ ರಜೆ ಸಿಕ್ಕೊಡನೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣಿಸಿಕೊಳ್ಳುವ ಬಣ್ಣಗಾರ್ತಿ ಎಂಬ ವರ್ಗದ ಪ್ರಥಮ ಲಕ್ಷಣವೆಂದರೆ, ಆಕೆ ಮಾರ್ಚ್‌ನಿಂದಲೇ ಈರುಳ್ಳಿ ಸಿಪ್ಪೆಯನ್ನು ಎಸೆಯಕೂಡದೆಂದು ಅಡುಗೆಯಾಕೆಗೂ ಅತ್ತೆಗೂ ಸಮಾನವಾಗಿ ಕಟ್ಟಪ್ಪಣೆ ವಿಧಿಸಿ, ಅದನ್ನು ದಾಳಿಂಬೆ ಸಿಪ್ಪೆಯೊಂದಿಗೆ ಬಾಲ್ಕನಿಯಲ್ಲಿ ಒಣಗಿಸಿ ಡಬ್ಬಿ ತುಂಬಿಡುವುದು. ಮಕ್ಕಳನ್ನು ಮೊಬೈಲಿನಿಂದ ಬಿಡಿಸಿ ಸಹಜ ಬಣ್ಣಗಾರಿಕೆಗೆ, ಅಂದರೆ ಗಿಡಮೂಲದ ವಸ್ತುಗಳಿಂದ ಬಟ್ಟೆಗೆ ಬಣ್ಣ ಹಾಕುವ ವಿದ್ಯೆಗೆ, ಹಚ್ಚುವುದು ಆಕೆಯ ಘೋಷಿತ ಉದ್ದೇಶ. ಆ ವಿದ್ಯೆಯನ್ನು ಆಕೆ ಕಲಿಯುತ್ತಿರುವುದೂ ಮೊಬೈಲಿನಿಂದಲೇ ಎಂಬುದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. 1856ರ ಈಸ್ಟರ್ ರಜೆಯಲ್ಲಿ 18ರ ಹುಡುಗ ವಿಲಿಯಂ ಪರ್ಕಿನ್ ಲಂಡನ್ನಿನ ತನ್ನ ಮನೆಯಲ್ಲೇ ಕ್ವಿನೈನ್ ಮಾಡಹೊರಟು ನೇರಳೆ ಬಣ್ಣ ಪಡೆದ ಕಥೆಯನ್ನು ಆಕೆ ನೆರೆಹೊರೆಗೆಲ್ಲ ಹೇಳುತ್ತಾಳೆ. ಅದು ಕೃತಕ ಬಣ್ಣವೆಂಬುದನ್ನೂ, ಸಹಜ ಬಣ್ಣಗಳ ಕಸುಬಿಗೆ ಕುತ್ತಾದದ್ದು ಅದರ ಸಂತತಿಯೇ ಎಂಬುದನ್ನೂ ಹೇಳುವುದಿಲ್ಲ.

ಆಕೆಯ ಮಾತಿನಲ್ಲಿ ಪಟಿಕಕ್ಕೆ ಅಗ್ರಪೂಜೆ. ಹತ್ತಿಯ ಎಳೆ ಹೆಚ್ಚಿನ ಸಸ್ಯವರ್ಣಗಳನ್ನು ತಾನಾಗಿ ಹಿಡಿದುಕೊಳ್ಳದ ಕಾರಣ, ಎಳೆಗೂ ಬಣ್ಣಕ್ಕೂ ನಂಟು ಕೂಡಿಸುವ ವರ್ಣಬಂಧಕವೊಂದು ಬೇಕು; ಪಟಿಕ ಅಂಥದ್ದು; ಅದು ಹತ್ತಿಯ ಮೇಲೆ ನಿಲ್ಲಬೇಕಾದರೆ ಬಟ್ಟೆಯ ಗಂಜಿ, ಜಿಡ್ಡು ಹೋಗುವಂತೆ ಮೊದಲು ಕುದಿಸಿ, ಅಳಲೆಕಾಯಿಯ ಒಗರು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಷ್ಟನ್ನು ಐದು ವರ್ಷದ ಮಗನಿಗೆ ವಿವರಿಸಿ ಮುಗಿಸುವುದರೊಳಗೆ ಮೂರರ ಮಗಳು ಕರ್ಚೀಫನ್ನು ಬೀಟ್‌ರೂಟ್ ನೀರಿಗೆ ಅದ್ದಿ "ಅಮ್ಮಾ, ಪಿಂಕು!" ಎಂದು ಸೋಫಾಕ್ಕೆ ಒರೆಸಿರುತ್ತಾಳೆ. ಬಾಂಧನಿ, ಎಂದರೆ ಬಟ್ಟೆಯನ್ನು ಅಲ್ಲಲ್ಲಿ ದಾರದಿಂದ ಬಿಗಿದು, ಬಿಗಿದಲ್ಲಿ ಬಣ್ಣ ಇಳಿಯದಂತೆ ಅದ್ದುವ ಕ್ರಮಕ್ಕೆಂದು ಎಣಿಸಿಟ್ಟ ಕಡಲೆಕಾಳುಗಳಲ್ಲಿ ಕೆಲವು ಮಗನ ಬಾಯಿಗೂ ಒಂದು ತಂಗಿಯ ಮೂಗಿಗೂ ಹೋಗುವುದರಿಂದ, ಆ ಅಧ್ಯಾಯ ಸಾಮಾನ್ಯವಾಗಿ ಡಾಕ್ಟರ ಬಳಿ ಮುಗಿಯುತ್ತದೆ.

ಅರಿಶಿನ ಮಾತ್ರ ಬಂಧಕದ ಹಂಗಿಲ್ಲದೆ ಹತ್ತಿಗೆ ಹತ್ತಿಕೊಳ್ಳುತ್ತದೆ, ಬಿಸಿಲಿಗೆ ಅಷ್ಟೇ ಸಲೀಸಾಗಿ ಮಾಸುತ್ತದೆ. ಹಳದಿಯಾದ ಕರ್ಚೀಫು ಸಾಬೂನು ತಾಗಿದೊಡನೆ ಕೆಂಪಗಾದಾಗ ಬಣ್ಣಗಾರ್ತಿ ಕಂಗಾಲಾಗಿ ಮೊಬೈಲು ತಡಕುತ್ತಿರುವಂತೆಯೇ, ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ, "ಅರಿಶಿನಕ್ಕೆ ಸುಣ್ಣ ಕಲಸಿದ್ರೆ ಓಕುಳಿ ಆಗಲ್ವೇನಮ್ಮಾ? ಇದೂ ಹಾಗೇ. ಒಂದು ನಿಂಬೆಹಣ್ಣು ಹಿಂಡು" ಎನ್ನುತ್ತಾರೆ. ಕ್ಷಾರಕ್ಕೆ ಕೆಂಪೇರಿ ಹುಳಿಗೆ ಮತ್ತೆ ಹಳದಿಗೆ ತಿರುಗುವ ಅರಿಶಿನದ ಈ ಗುಣವನ್ನು ಆರತಿ ತಟ್ಟೆಯಲ್ಲೇ ಬಲ್ಲ ಆ ಹಿರಿಯರನ್ನು ಆಕೆ ಮೊದಲೇ ಕೇಳಬಹುದಿತ್ತು. ಕೇಳುವುದು ಈ ವರ್ಗದ ಲಕ್ಷಣವಲ್ಲ.

ಒಟ್ಟಿನಲ್ಲಿ ಬಣ್ಣ ಹಿಡಿಯಬೇಕಾದ ಕರ್ಚೀಫು ಒಗೆದಂತೆಲ್ಲ ಬಣ್ಣ ಬಿಡುತ್ತದೆ. ಇಡ್ಲಿ ಪಾತ್ರೆ, ಅಡುಗೆಕಟ್ಟೆಯ ಸಂದು, ಮಾವನವರ ಬಿಳಿ ಪಂಚೆ ಇವು ಯಾವ ಪಟಿಕವನ್ನೂ ಬೇಡದೆ ಹಿಡಿದುಕೊಳ್ಳುತ್ತವೆ. ಆದಕಾರಣ ಮೇ ತಿಂಗಳಲ್ಲಿ ಇಂಥ ಮನೆಗೆ ಹೋಗುವವರು ಬಿಳಿಯದನ್ನು ಉಡದಿರುವುದೂ, ಹೊರಡುವಾಗ ತಾಂಬೂಲದೊಡನೆ ಕೊಡುವ ಕರ್ಚೀಫನ್ನು ಬೇರೆ ಬಟ್ಟೆಗಳೊಂದಿಗೆ ನೆನೆಹಾಕದಿರುವುದೂ ಲೇಸು.