ಬೂದಿ ಬಣ್ಣದ ಮನಿ

ನಮ್ಮ ಕಡೆ ಬೂದು ಬಣ್ಣ ಪುಕ್ಕಟೆ. ಕೊಡ್ಲಿಯಿಂದ ಸೇಡಂ, ಚಿತ್ತಾಪುರ, ಶಹಾಬಾದ ಅಂತ ಯಾವ ದಾರಿ ಹಿಡಿದರೂ ನೆಲದಡಿ ಸುಣ್ಣಕಲ್ಲು. ಪದರ ಪದರ ಬಿಡುವ ಕಲ್ಲನ್ನು ಫರಸಿ ಅಂತ ನೆಲಕ್ಕೆ ಹಾಸುತ್ತೇವೆ, ಅಡುಗೆ ಕಟ್ಟೆಗೆ ಕೂಡಿಸುತ್ತೇವೆ, ಹಿತ್ತಲಲ್ಲಿ ಬಟ್ಟೆ ಒಗೆಯಲು ಇಡುತ್ತೇವೆ. ಸುಣ್ಣಕಲ್ಲನ್ನೇ ಸುಟ್ಟು ಸಿಮೆಂಟ್ ಮಾಡುವುದೂ ಇಲ್ಲೇ. ವಾಡಿಯ ಎಸಿಸಿ ಕಾರ್ಖಾನೆ ಶುರುವಾಗಿದ್ದು 1968ರಲ್ಲಿ. ಕಚ್ಚಾ ಸಾಮಾನಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸಿಮೆಂಟಿಗೆ ಬೂದು ಬಣ್ಣವಂತೆ. ಆ ಅಂಶ ತೆಗೆದರೆ ಬಿಳಿ ಸಿಮೆಂಟು, ದರ ದುಪ್ಪಟ್ಟಿಗೂ ಮೇಲೆ.

ಇಂಥ ಸೀಮೆಯಲ್ಲಿ ಕುಳಿತು ನಾನು ರೊಕ್ಕ ಕೊಟ್ಟು ಬೂದು ಬಣ್ಣ ತಂದೆ. ಬೆಂಗಳೂರಿನ ಮಗಳ ಹಟ. ಅವಳು ಫೋನಿಗೆ ಕಳಿಸಿದ ಫೋಟೊದಲ್ಲಿ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ನಡುಮಧ್ಯದ ಗೋಡೆ, ಮುಂದೊಂದು ಹಳದಿ ಕುರ್ಚಿ. ನಮ್ಮ ಮನೆಯಲ್ಲಿ ಅಂಥ ಕುರ್ಚಿ ಇಲ್ಲ ಅನ್ನುವುದು ಯಾರ ತಲೆಗೂ ಬರಲಿಲ್ಲ.

ಅವ್ವ ಡಬ್ಬಿಯೊಳಗೆ ಇಣುಕಿ ನೋಡಿದಳು. “ಬಾಂಡೆ ತಿಕ್ಕಲಕ್ಕ ಬೂದಿ, ಹಣಿಗಿ ಹಚ್ಚಲಕ್ಕ ಬೂದಿ. ಈಗ ಗ್ವಾಡಿಗೂ ಬೂದಿನೇ ಏನೋ?”

ಉತ್ತರ ಹೊಳೆಯಲಿಲ್ಲ. ಆಕೆಯ ಕಾಲದಲ್ಲಿ ಹಬ್ಬ ಬಂದರೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದರೆ ಮನೆ ಹೊಳೆಯುತ್ತಿತ್ತು. ಹೊರಗೆಲ್ಲ ಧೂಳು, ಒಳಗಾದರೂ ಬಣ್ಣ ಇರಲಿ ಅನ್ನುವುದು ಆಕೆಯ ಲೆಕ್ಕ.

ಪೇಂಟರ್ ಪಡಸಾಲೆಯ ಮೂರು ಕಡೆ ಒಂದೊಂದು ಗೇಣು ಬಳಿದು ತೋರಿಸಿದ. ಡಬ್ಬಿ ಒಂದೇ, ಬಣ್ಣ ಮೂರು! ಬಾಗಿಲ ಬಿಸಿಲಿಗೆ ಒಣ ಬೂದಿ, ಮೂಲೆಯಲ್ಲಿ ಒದ್ದೆ ಫರಸಿ, ಟ್ಯೂಬ್‌ಲೈಟಿನ ಕೆಳಗೆ ಪೊಲೀಸ್ ವ್ಯಾನಿನ ನೀಲಿ. “ನೀವು ಕೊಟ್ಟಿದ್ದೇ ಹಚ್ಚೀನಿ ನೋಡ್ರಿ ಸರ” ಅಂದ. ಅವನ ಮಾತು ನಿಜವೇ. ಹತ್ತೊಂಬತ್ತನೇ ಶತಮಾನದ ಪ್ಯಾರಿಸಿನಲ್ಲಿ ಗೋಬ್ಲಾ ನೇಯ್ಗೆ ಕಾರ್ಖಾನೆಯವರಿಗೂ ಇದೇ ತಕರಾರು ಬಂದಿತ್ತು: ಕಪ್ಪು ನೂಲು ಮಂಕಾಗಿ ಕಾಣುತ್ತದೆ ಅಂತ. ಬಣ್ಣದ ಮನೆ ನೋಡಿಕೊಳ್ಳುತ್ತಿದ್ದ ಶೆವ್ರೂಲ್ ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಐಬಿರಲಿಲ್ಲ, ಪಕ್ಕದ ನೂಲಿನದೇ ಕಿತಾಪತಿ. 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ನಮ್ಮ ಪೇಂಟರ್ ಬರೆಯಲಿಲ್ಲ, ಚಹಾ ಕುಡಿದು ಎರಡನೇ ಕೋಟ್ ಶುರು ಮಾಡಿದ.

ಕೆಲಸ ಮುಗಿದ ವಾರ ಬಂದ ಬೀಗರು ಪಡಸಾಲೆಯಲ್ಲಿ ಕುಳಿತು ಸುತ್ತ ನೋಡಿದರು. “ಗಿಲಾವು ಭಾಳ ನುಣ್ಣಗ ಬಂದದ ರೀ. ಬಣ್ಣ ಯಾವಾಗ ಹಚ್ಚಸ್ತೀರಿ?” ನಾನು ಅವಲಕ್ಕಿ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದೆ.

ಒಂದು ಲಾಭ ಮಾತ್ರ ಒಪ್ಪಬೇಕು. ಲಾರಿಗಳ ಧೂಳು ಬಂದು ಕೂತರೂ ಈಗ ಗೋಡೆಯ ಮೇಲೆ ಕಾಣುವುದಿಲ್ಲ. ಇದೆಯೋ ಇಲ್ಲವೋ ಅಂತ ಬೆರಳಿನಿಂದ ಗೀಚಿಯೇ ನೋಡಬೇಕು. ಹೆಂಡತಿ ದಿನಾ ಗೀಚುತ್ತಾಳೆ.

ಮೊನ್ನೆ ಅವ್ವ ಯಾರಿಗೂ ಹೇಳದೆ ಪೇಂಟರನನ್ನು ಕರೆಸಿ, ದೀಪ ಇಡುವ ಗೂಡಿಗೆ ಗಿಳಿಹಸಿರು ಬಳಿಸಿದಳು. ಸಂಜೆ ನಾನು ಬಂದು ನೋಡಿದರೆ ಹಸಿರಿನ ಸುತ್ತಲ ಬೂದು ಗೋಡೆ ತುಸು ಕೆಂಪೇರಿದಂತೆ ಕಂಡಿತು. ಶೆವ್ರೂಲನ ವಿಷಯ ಹೇಳಲು ಬಾಯಿ ತೆರೆದೆ.

“ಹಾಂ, ಈಗ ಮನಿ ಆತು ನೋಡು” ಅಂದು ಅವ್ವ ದೀಪ ಹಚ್ಚಿದಳು.